ಶೇಕಡಾ ತೊಂಬತ್ತೈದು

ಹುಡುಗಿಯ ಹಣೆಯ ಮೇಲೆ ಇಟ್ಟಿದ್ದು ತನ್ನ ಬಲಗೈಯೋ ಎಡಗೈಯೋ ಎಂಬುದು ಬೆಳಗ್ಗೆಯಿಂದ ಅವನಿಗೆ ನೆನಪಾಗುತ್ತಿರಲಿಲ್ಲ. ಹಲ್ಲುಜ್ಜುವಾಗ ಬಲಗೈ ಅನ್ನಿಸಿತು. ಷರ್ಟಿನ ಗುಂಡಿ ಹಾಕಿಕೊಳ್ಳುವಾಗ, ಇಲ್ಲ, ಬಲಗೈಯಲ್ಲಿ ಸೀಮೆಸುಣ್ಣವಿತ್ತು, ಎಡಗೈಯೇ ಇರಬೇಕು ಅನ್ನಿಸಿತು. ಯಾವುದಾದರೇನು ಎಂದು ಎರಡನ್ನೂ ಸೋಪು ಹಾಕಿ ಇನ್ನೊಮ್ಮೆ ತೊಳೆದುಕೊಂಡ. ನಿನ್ನೆ ಕೊನೆಯ ಗಂಟೆ ಹೊಡೆದ ಮೇಲೆ ಅವಳನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು, ಡಾಕ್ಟರು ಮುಟ್ಟುವ ಹಾಗೆ ಹಣೆ ಮುಟ್ಟಿ, "ಏನೋ ಬಿಸಿ ಇದ್ದ ಹಾಗಿದೆಯಲ್ಲಮ್ಮ. ನಾಳೆ ಬೇಕಾದ್ರೆ ರೆಸ್ಟ್ ತಗೋ. ಮನೇಲಿ ಸರ್ ಹೇಳಿದ್ರು ಅನ್ನು" ಎಂದಿದ್ದ. ಹಣೆ ತಣ್ಣಗಿತ್ತು. ನಲ್ಲಿಯ ಕೆಳಗೆ ಮುಖ ತೊಳೆದು ಬಂದವಳ ಹಣೆ ಇನ್ನು ಹೇಗಿರುತ್ತದೆ? ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ "ಹೂಂ ಸರ್" ಅಂದಳು. ಏಳು ತಿಂಗಳಿಂದ ಇದೇ ಹುಡುಗಿಗೆ ಭಾಗಾಕಾರದಲ್ಲಿ ಶೇಷವನ್ನು ಪಕ್ಕದಲ್ಲಿ ಬರಿ ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತ್ತು, ಒಂದು ಸಲವೂ ಬರೆದವಳಲ್ಲ. ಆದರೆ ಈ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾಳೆ ಎಂಬುದು ಅವನಿಗೆ ಆ ಕ್ಷಣಕ್ಕೇ ಗೊತ್ತಾಗಿಹೋಗಿತ್ತು.

ಮಕ್ಕಳು ಅವನಿಗಿಟ್ಟ ಹೆಸರು ಶೇಕಡಾ ಸರ್. ಇಟ್ಟವರಾರೋ, ಅದು ತರಗತಿಯಿಂದ ಸ್ಟಾಫ್ ರೂಮಿಗೆ ಬಂದು, ಸ್ಟಾಫ್ ರೂಮಿನಿಂದ ಮನೆಗೂ ಬಂದು ಈಗ ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ಅವನಿಗೆ ಅದರಲ್ಲಿ ಬೇಸರವೇನಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ. ಮನುಷ್ಯ ಎಂದ ಮೇಲೆ ಏನಾದರೊಂದು ಬರಬೇಕಲ್ಲ, ತನಗೆ ಶೇಕಡಾ ಬರುತ್ತದೆ. ಊಟದ ತಟ್ಟೆಯಲ್ಲಿ ಅನ್ನ ಎಷ್ಟು ಪಾಲು, ಬಸ್ಸಿನಲ್ಲಿ ನಿಂತವರು ಎಷ್ಟು ಪಾಲು, ತನ್ನ ಐವತ್ತಮೂರು ವರ್ಷದಲ್ಲಿ ಈ ಶಾಲೆಯಲ್ಲೇ ಕಳೆದದ್ದು ಎಷ್ಟು ಪಾಲು ಎಂದು ಅವನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಲೇ ಇರುತ್ತದೆ. ಹಾಕಬಾರದ ಕಡೆ ಹಾಕಿದ್ದು ನಿನ್ನೆ ಮಾತ್ರ ಎಂದುಕೊಂಡ. ಆಮೇಲೆ, ಮಾತ್ರ ಎಂಬ ಪದವನ್ನು ತಾನು ಎಷ್ಟು ಸಲೀಸಾಗಿ ಬಳಸಿದೆ ಎಂದು ನಾಚಿಕೆಯಾಯಿತು.

ಶಾಲೆಯ ಗೇಟಿನ ಮೇಲೆ, ಶಾಲೆಯ ಹೆಸರಿಗಿಂತ ದೊಡ್ಡದಾಗಿ, 'ಸಿ' ಎಂದು ಬರೆದಿತ್ತು. ಹಾಗೆ ಬರೆಸಬೇಕೆಂದು ಇಲಾಖೆಯ ನಿಯಮ: ಅಕ್ಷರ ಎರಡು ಅಡಿ ಎತ್ತರ ಇರಬೇಕು, ದಾರಿಹೋಕರಿಗೂ ಓದಲು ಬರಬೇಕು. ವರ್ಷಕ್ಕೊಮ್ಮೆ ಎಲ್ಲ ಶಾಲೆಗಳ ಮಕ್ಕಳಿಗೂ ಒಂದೇ ದಿನ ಒಂದೇ ಪರೀಕ್ಷೆ, ಅದರ ಸರಾಸರಿಯ ಮೇಲೆ ಶಾಲೆಗೆ ಒಂದು ಅಕ್ಷರ. ಪೇಂಟರ್ ಏಣಿಯ ಮೇಲೆ ನಿಂತು, "ಎ ಆಗಿದ್ರೆ ಸುತ್ತ ಒಂದು ಹೂವಿನ ಬಳ್ಳಿ ಬಿಡ್ತಿದ್ದೆ ಸಾರ್, ಸಿಗೆ ಏನು ಬಿಡೋದು" ಎಂದು ನಿಜವಾಗಿ ನೊಂದುಕೊಂಡೇ ಕೇಳಿದ್ದ. ನಲವತ್ತೈದರಿಂದ ಅರವತ್ತರವರೆಗೆ ಸಿ. ಅದರ ಕೆಳಗೆ ಬಂದರೆ ಡಿ. ಡಿ ಬಂದ ಶಾಲೆಗೆ ಅಕ್ಷರ ಬರೆಸುವ ತಾಪತ್ರಯವಿಲ್ಲ, ಗೇಟಿಗೆ ಬೀಗ ಹಾಕಿ ಮಕ್ಕಳನ್ನು ರೈಲು ಸೇತುವೆಯ ಆಚೆಯ ಶಾಲೆಗೆ ಸೇರಿಸುತ್ತಾರೆ, ಮೇಷ್ಟ್ರುಗಳನ್ನು ದಿಕ್ಕಿಗೊಬ್ಬರಂತೆ ಹಂಚುತ್ತಾರೆ. ಅವನನ್ನು ಕಾಡುತ್ತಿದ್ದದ್ದು ಬೀಗವಲ್ಲ, ಕುರ್ಚಿ. ಕಿಟಕಿ ಪಕ್ಕದ ಕುರ್ಚಿ ಅವನದಾಗಲು ಹದಿನಾಲ್ಕು ವರ್ಷ ಹಿಡಿದಿತ್ತು. ಇನ್ನು ಯಾವುದೋ ಗೊತ್ತಿಲ್ಲದ ಸ್ಟಾಫ್ ರೂಮಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು, ಇದರಲ್ಲಿ ಯಾರೂ ಕೂರದ ಕುರ್ಚಿ ಯಾವುದು ಎಂದು ಕಣ್ಣಲ್ಲೇ ಹುಡುಕುವುದನ್ನು ನೆನೆದಾಗಲೆಲ್ಲ ತನ್ನ ಕುರ್ಚಿಯ ಹಿಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎ ಶಾಲೆಯಲ್ಲಿ ಕೆಲಸ ಮಾಡುವ ಬಾಮೈದ ಮನೆಗೆ ಬಂದಾಗಲೆಲ್ಲ ಸಮಾಧಾನ ಹೇಳುತ್ತಾನೆ. "ಸಿ ಅಂದ್ರೆ ಏನು ಕಡಿಮೆ ಅಲ್ಲ ಭಾವ, ನಿಮ್ಮ ಕಡೆ ಮಕ್ಕಳಿಗೆ ಅದೇ ಜಾಸ್ತಿ." ಹೆಂಡತಿ ಅಡುಗೆಮನೆಯಿಂದ, "ಅವರಿಗೆ ಗೊತ್ತು ಬಿಡೋ" ಅನ್ನುತ್ತಾಳೆ. ಆ 'ಬಿಡೋ' ಅನ್ನುವುದು ಬಾಮೈದ ಮಾಡಿದ ಅವಮಾನಕ್ಕಿಂತ ಹೆಚ್ಚು ನೋಯುತ್ತದೆ.

ಲೆಕ್ಕ ತುಂಬ ಸರಳವಾಗಿತ್ತು. ಅದೇ ಅವನನ್ನು ಕೆಡಿಸಿದ್ದು. ಶಾಲೆಗೆಲ್ಲ ಸೇರಿ ಅರವತ್ತು ಮಕ್ಕಳು, ಆರು ಏಳು ಎಂಟು ಮೂರು ತರಗತಿಗೆ ತಲಾ ಇಪ್ಪತ್ತು. ಪರೀಕ್ಷೆಗೆ ಶೇಕಡಾ ತೊಂಬತ್ತೈದು ಹಾಜರಾತಿ ಬೇಕು, ಇಲ್ಲದಿದ್ದರೆ ಸರಾಸರಿ ಎಷ್ಟೇ ಬರಲಿ, ಒಂದು ಅಕ್ಷರ ಕೆಳಗೆ. ಅರವತ್ತರಲ್ಲಿ ಶೇಕಡಾ ತೊಂಬತ್ತೈದು ಅಂದರೆ ಐವತ್ತೇಳು. ಮೂವರು ಬರದಿದ್ದರೆ ಯಾರೂ ಕೇಳುವುದಿಲ್ಲ. ಇಲಾಖೆಯೇ ಉದಾರವಾಗಿ ಮೂರು ಜ್ವರ ಬಿಟ್ಟುಕೊಟ್ಟಿರುವಾಗ ತಾನು ಒಂದೇ ಒಂದು ಬಳಸಿಕೊಂಡರೆ ಅದರಲ್ಲಿ ತಪ್ಪೇನು ಎಂದು ಅವನು ಎರಡು ದಿನ ತನ್ನೊಂದಿಗೆ ವಾದಿಸಿ, ಮೂರನೆಯ ದಿನ ಮೆಟ್ಟಿಲ ಹತ್ತಿರ ಹಣೆಗೆ ಕೈ ಇಟ್ಟಿದ್ದ.

ಒಂಬತ್ತು ಮುಕ್ಕಾಲಿಗೆ ಸ್ಟಾಫ್ ರೂಮಿಗೆ ಬಂದ ದೊಡ್ಡ ಮೇಡಂ ಕೂರಲಿಲ್ಲ. ಮುಖ್ಯೋಪಾಧ್ಯಾಯಿನಿ ಆದ ದಿನದಿಂದ ಅವರಿಗೆ ದೊಡ್ಡ ಮೇಡಂ ಎಂದೇ ಹೆಸರು, ಆಳು ಮಾತ್ರ ಸಣ್ಣದು, ಮೇಜಿನ ಹಿಂದೆ ನಿಂತರೆ ಕನ್ನಡಕವೇ ಮೊದಲು ಕಾಣುತ್ತದೆ. ಇಲಾಖೆಯಿಂದ ಬಂದ ವೀಕ್ಷಕರು ಆಗಲೇ ಗೇಟಿನ ಹತ್ತಿರ ಮೇಜು ಹಾಕಿಸಿಕೊಂಡು ಎಣಿಸುತ್ತ ಕೂತಿದ್ದರು. ಪರೀಕ್ಷೆಯ ದಿನ ಆ ಶಾಲೆಯ ಮೇಷ್ಟ್ರುಗಳು ಪರೀಕ್ಷಾ ಕೊಠಡಿಯ ಕಡೆ ಸುಳಿಯುವ ಹಾಗಿಲ್ಲವಾದ್ದರಿಂದ ನಾಲ್ವರೂ ಕಳ್ಳರ ಹಾಗೆ ಒಂದೇ ಕೋಣೆಯಲ್ಲಿದ್ದರು: ಆರನೆಯ ತರಗತಿಯ ವಿಜ್ಞಾನದ ಮೇಡಂ, ಏಳನೆಯದರ ಭಾಷಾ ಪಂಡಿತರು, ಎಂಟನೆಯದರ ಇವನು, ಯಾವ ತರಗತಿಯೂ ಇಲ್ಲದ ಡ್ರಿಲ್ ಮೇಷ್ಟ್ರು.

"ಐವತ್ತಾರು" ಎಂದರು ದೊಡ್ಡ ಮೇಡಂ.

ಐವತ್ತಾರು ಎಂಬ ಸಂಖ್ಯೆ ಹೇಗೆ ಸಾಧ್ಯ ಎಂದು ಅವನ ತಲೆ ಓಡತೊಡಗಿತು. ತನ್ನವಳೊಬ್ಬಳು. ಉಳಿದ ಮೂರು? ಅವನು ಪಂಡಿತರ ಕಡೆ ನೋಡಿದ, ಪಂಡಿತರು ಫ್ಯಾನಿನ ಕಡೆ ನೋಡಿದರು. ವಿಜ್ಞಾನದ ಮೇಡಂ ಪರ್ಸಿನಲ್ಲಿ ಇಲ್ಲದ ಏನನ್ನೋ ಹುಡುಕುತ್ತಿದ್ದರು. ಅವನಿಗೆ ಒಮ್ಮೆಗೇ ತಿಳಿಯಿತು. ಮೂರು ಜ್ವರಗಳಲ್ಲಿ ಒಂದನ್ನು ಬಳಸಿಕೊಳ್ಳಬಹುದೆಂದು ಈ ಕೋಣೆಯ ಪ್ರತಿಯೊಬ್ಬರೂ, ತಾನೊಬ್ಬನೇ ಜಾಣ ಎಂದುಕೊಂಡು, ಲೆಕ್ಕ ಹಾಕಿದ್ದಾರೆ. ಇಡೀ ಜೀವಮಾನ ಗಣಿತ ಹೇಳಿಕೊಟ್ಟವನಿಗೆ ಬೇರೆಯವರಿಗೂ ಭಾಗಾಕಾರ ಬರುತ್ತದೆ ಎಂಬುದು ಹೊಳೆದಿರಲಿಲ್ಲ.

"ಯಾಕೆ ಬಂದಿಲ್ಲ ಅಂತ ನಾನು ಕೇಳಲ್ಲ" ಎಂದರು ದೊಡ್ಡ ಮೇಡಂ. "ಕೇಳಿದ್ರೆ ನೀವು ಹೇಳ್ಬೇಕಾಗುತ್ತೆ. ಹೇಳಿದ್ರೆ ನಾನು ಬರೀಬೇಕಾಗುತ್ತೆ. ಹತ್ತೂವರೆವರೆಗೆ ಒಳಗೆ ಬಿಡ್ತಾರೆ. ಒಬ್ಬರು ಬಂದ್ರೆ ಸಾಕು."

"ನಂಗೆ ಸಬ್ಜೆಕ್ಟೇ ಇಲ್ಲ ಮೇಡಂ" ಎಂದು ಡ್ರಿಲ್ ಮೇಷ್ಟ್ರು ಕೇಳದಿದ್ದರೂ ಶುರುಮಾಡಿದ. "ಆದ್ರೂ ಎಲ್ರೂ ಸ್ಕೂಲಿಗೋಸ್ಕರ ಏನೇನೋ ಕಷ್ಟ ಪಡ್ತಿದಾರೆ, ನಾನೊಬ್ಬನೇ ಸುಮ್ನೆ ಕೂತ್ರೆ ಚೆನ್ನಾಗಿರಲ್ಲ ಅಂತ, ನಮ್ಮ ಓಟದ ಹುಡುಗನಿಗೆ..."

"ನಾನು ಕೇಳಲ್ಲ ಅಂದೆ."

ಆಮೇಲೆ ಹತ್ತು ನಿಮಿಷ ನಡೆದದ್ದನ್ನು ಅವನು ಯಾರಿಗೂ ಹೇಳುವ ಹಾಗಿರಲಿಲ್ಲ. ಯಾವ ಮಗುವನ್ನು ಕರೆತಂದರೆ ಶಾಲೆಗೆ ಕಡಿಮೆ ನಷ್ಟ ಎಂಬುದು ಪ್ರಶ್ನೆ. ಪಂಡಿತರು ಕನ್ನಡಕ ಏರಿಸಿಕೊಂಡು ತಯಾರಿ ಪರೀಕ್ಷೆಯ ಪಟ್ಟಿ ತೆಗೆದರು. ಅವರ ಹುಡುಗನಿಗೆ ನೂರಕ್ಕೆ ಹನ್ನೊಂದು. ವಿಜ್ಞಾನದ ಮೇಡಂ ಹುಡುಗಿಗೆ ಒಂಬತ್ತು, "ಅದರಲ್ಲೂ ನಾಲ್ಕು ಅಂದಾಜಲ್ಲಿ ಹಾಕಿದ್ದು" ಎಂದು ಅವರೇ ಸೇರಿಸಿದರು. ಓಟದ ಹುಡುಗನಿಗೆ ಏಳು. "ಆದ್ರೆ ಕರ್ಕೊಂಡ್ ಬರೋದು ಬೇಡ, ಕೂಗಿದ್ರೆ ಸಾಕು, ಎರಡು ನಿಮಿಷದಲ್ಲಿ ಇಲ್ಲಿರ್ತಾನೆ" ಎಂದ ಡ್ರಿಲ್ ಮೇಷ್ಟ್ರು. ಎಲ್ಲರೂ ಇವನ ಕಡೆ ತಿರುಗಿದರು.

"ಹದಿನೆಂಟು" ಎಂದ.

"ಹದಿನೆಂಟಾ" ಎಂದರು ಪಂಡಿತರು, ಮೆಚ್ಚುಗೆಯಿಂದ.

ನಾಲ್ವರಲ್ಲಿ ತನ್ನ ಹುಡುಗಿಯೇ ಮೊದಲು ಎಂದು ಅವನಿಗೆ ಒಂದು ಕ್ಷಣ, ನಿಜವಾಗಿಯೂ, ಎದೆ ಉಬ್ಬಿತು. ತಾನು ಕಲಿಸಿದ್ದು ಅಷ್ಟಾದರೂ ಹತ್ತಿದೆಯಲ್ಲ ಎಂದುಕೊಂಡ. ಮರುಕ್ಷಣ ಈ ಹೆಮ್ಮೆಗೆ ಏನೆನ್ನಬೇಕೆಂದು ತಿಳಿಯದೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ಅವಳ ಮನೆ ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಹಿಂಭಾಗ. ಅಂಗಡಿಯೆಂದರೆ ಒಂದು ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಮೇಲೊಂದು ತಗಡಿನ ಸೂರು. ಅವನ ಷರ್ಟುಗಳೂ ಅಲ್ಲಿಗೇ ಬರುತ್ತವೆ ಎಂಬುದು ಅವನಿಗೆ ಈಗ ನೆನಪಾಯಿತು. ಕಳೆದ ವಾರ ಕಾಲರ್ ಸರಿಯಾಗಿಲ್ಲವೆಂದು ಒಂದನ್ನು ವಾಪಸು ಕಳಿಸಿದ್ದ. ಹುಡುಗಿಯ ತಾಯಿ ಯಾರದೋ ಪ್ಯಾಂಟಿಗೆ ನೀರು ಚಿಮುಕಿಸುತ್ತಿದ್ದವಳು ಅವನನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನೋಡೋಕ್ ಬಂದ್ರಾ ಮೇಷ್ಟ್ರೇ. ಎಷ್ಟು ಒಳ್ಳೆಯವರಪ್ಪ ನೀವು. ಮಲಗಿದಾಳೆ. ನಿನ್ನೆಯಿಂದ ಗಂಜಿ ಬಿಟ್ರೆ ಬೇರೇನೂ ಕೊಟ್ಟಿಲ್ಲ."

"ಜ್ವರ ಹೇಗಿದೆ?" ಎಂದು ಕೇಳಿದ.

"ನಂಗೇನ್ ಗೊತ್ತಾಗುತ್ತೆ ಹೇಳಿ. ದಿನವಿಡೀ ಬಿಸಿ ಮುಟ್ಟಿ ಮುಟ್ಟಿ ಈ ಕೈಗೆ ಎಲ್ಲ ತಣ್ಣಗೇ ಇರುತ್ತೆ." ಅಂಗೈ ಅವನ ಮುಂದೆ ಚಾಚಿದಳು, ದಪ್ಪಗೆ, ಹೊಳೆಯುವಂತಿತ್ತು. "ನೀವು ಮುಟ್ಟಿ ನೋಡಿದ್ರಂತಲ್ಲ, ಅದಕ್ಕೇ ನಂಬಿದೆ. ಹೋದ ವರ್ಷಾನೂ ಹೀಗೇ ಆಯ್ತು, ಅದರ ಹಿಂದಿನ ವರ್ಷಾನೂ. ಸರಿಯಾಗಿ ಈ ಪರೀಕ್ಷೆ ದಿನವೇ ಬರುತ್ತೆ, ನೋಡಿ ಬೇಕಾದ್ರೆ. ಎರಡು ಸಲ ರಕ್ತ ತೆಗೆಸಿದೆ, ಏನೂ ಇಲ್ಲ ಅಂದ್ರು."

ಆರನೆಯದರಲ್ಲಿ ಅವಳು ವಿಜ್ಞಾನದ ಮೇಡಂ ಕೈಯಲ್ಲಿದ್ದಳು. ಏಳನೆಯದರಲ್ಲಿ ಪಂಡಿತರ ಕೈಯಲ್ಲಿ. ಅವರೂ ಮುಟ್ಟಿ ನೋಡಿದ್ದರೇ, ಅಥವಾ ಮುಖ ನೋಡಿಯೇ ಹೇಳಿದ್ದರೇ? ಪಂಡಿತರು ಮುಟ್ಟಿರಲಾರರು, ಅವರಿಗೆ ಮಡಿ ಬಟ್ಟೆ ಕೊಳೆಯಾಗುವ ಭಯ. ತಾನು ಎಂಟು ವರ್ಷದವನಾಗಿದ್ದಾಗ ತನ್ನನ್ನು ಹಾಡಿನ ಸಾಲಿನಿಂದ ಕೈಹಿಡಿದು ಆಚೆ ಎಳೆದು, "ನೀನು ಬಾಯಿ ಆಡಿಸು, ಸ್ವರ ಬೇಡ" ಎಂದ ಟೀಚರಮ್ಮನ ಕೈಬಳೆಗಳು ಇದ್ದಕ್ಕಿದ್ದಂತೆ ಅವನ ಕಿವಿಯಲ್ಲಿ ಸದ್ದು ಮಾಡಿದವು. ಆಕೆಯ ಮುಖ ಹೇಗಿತ್ತು, ನೆನಪಿಲ್ಲ. ಅವನು ಆ ಹಾಡು ಪೂರ್ತಿ ಬಾಯಿ ಆಡಿಸಿದ್ದ, ಅಪ್ಪ ಮುಂದಿನ ಸಾಲಿನಲ್ಲಿ ಕೂತು, ಮಗ ಎಷ್ಟು ಚೆನ್ನಾಗಿ ಹಾಡುತ್ತಿದ್ದಾನೆ ಎಂದು ಪಕ್ಕದವರಿಗೆ ತೋರಿಸುತ್ತಿದ್ದ.

"ಈಗ ಪರವಾಗಿಲ್ಲ ಅನ್ಸಿದ್ರೆ ಬರೆಯೋಕೆ ಕರ್ಕೊಂಡು ಹೋಗೋಣ ಅಂತ" ಎಂದ. ಗಡಿಯಾರ ಹತ್ತು ಹನ್ನೆರಡು ತೋರಿಸುತ್ತಿತ್ತು.

ಹುಡುಗಿ ಗೋಡೆಯ ಕಡೆ ಮುಖ ಮಾಡಿ, ಕುತ್ತಿಗೆಯವರೆಗೆ ಹೊದ್ದು, ಜ್ವರ ಬಂದವರು ಹೇಗೆ ಮಲಗಬೇಕೋ ಹಾಗೆ ಮಲಗಿದ್ದಳು. ಪಕ್ಕದಲ್ಲಿ ಒದ್ದೆ ಬಟ್ಟೆಯ ಬಟ್ಟಲು. ಅವನನ್ನು ಕಂಡು ಎದ್ದು ಕೂತಳು. "ಬರ್ಲಾ ಸರ್?" ಎಂದಷ್ಟೇ ಕೇಳಿದಳು. ಅವಳ ಗೊಂದಲವೇನೆಂದು ಅವನಿಗೆ ಅರ್ಥವಾಯಿತು. ಒಂದೇ ವಿಷಯಕ್ಕೆ ನಿನ್ನೆ ಒಂದು ಉತ್ತರ, ಇವತ್ತು ಇನ್ನೊಂದು, ಯಾವುದಕ್ಕೆ ಅಂಕ ಕೊಡ್ತಾರೆ ಎಂದು ಕೇಳುತ್ತಿದ್ದಳು. "ಬಾಮ್ಮ" ಎಂದ. ಅವಳು ಎರಡು ನಿಮಿಷದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಹೊರಬಂದಳು. ಇಸ್ತ್ರಿ ಮಾಡಿದ್ದು, ಗೆರೆ ಕತ್ತಿಯಂತಿತ್ತು. ತಾಯಿ ಪಕ್ಕದ ಅಂಗಡಿಯವರಿಗೆ ನೋಡಿಕೊಳ್ಳಿ ಎಂದು ಹೇಳಿ, ನೀರಿನ ಬಾಟಲಿ ಹಿಡಿದು ತಾನೂ ಹೊರಟಳು. ದಾರಿಯಲ್ಲಿ ಮಗಳು ತಲೆ ತಿರುಗಿ ಬಿದ್ದರೆ ಎಂದು ಅವಳಿಗೆ ಹೆದರಿಕೆ.

ತಾಯಿಗೆ ಯಾರೋ ಗಿರಾಕಿ ಎದುರಾಗಿ ಬಟ್ಟೆ ಯಾವಾಗ ಕೊಡ್ತೀಯ ಎಂದು ತಡೆದು ನಿಲ್ಲಿಸಿದಾಗ ಅವರಿಬ್ಬರೇ ಹತ್ತು ಹೆಜ್ಜೆ ಮುಂದಾದರು. ಹೇಳಿಬಿಡಬೇಕು ಅನ್ನಿಸಿತು. "ನಿನ್ನೆ ನಾನು ಹೇಳಿದ್ದು..." ಎಂದು ಶುರು ಮಾಡಿದ.

"ಗೊತ್ತು ಸರ್" ಎಂದಳು ಹುಡುಗಿ, ನಡಿಗೆ ನಿಧಾನ ಮಾಡದೆ. "ಅಮ್ಮನಿಗೆ ಹೇಳ್ಬೇಡಿ. ಜ್ವರ ಅಲ್ಲ ಅಂದ್ರೆ ಮತ್ತೆ ಏನು ಅಂತ ಕೇಳ್ತಾಳೆ."

ಅವನು ಇಲ್ಲ ಎಂದು ತಲೆಯಾಡಿಸಿದ. ಹಾಗೆ ಮಾತು ಕೊಡುವುದು ಎಷ್ಟು ಸುಲಭವಾಗಿತ್ತೆಂದರೆ ಅವನಿಗೆ ತನ್ನ ಮೇಲೇ ಅನುಮಾನ ಬಂತು. ಅವಳಿಗಾಗಿ ಒಪ್ಪಿಕೊಂಡೆನೋ ತನಗಾಗಿಯೋ ಎಂದು ಬಿಡಿಸಿ ನೋಡುವಷ್ಟರಲ್ಲಿ ಗೇಟು ಬಂತು. ವೀಕ್ಷಕರು ಕೈಗಡಿಯಾರ ನೋಡಿದರು. ಹತ್ತು ಇಪ್ಪತ್ತಾರು. ಹಾಜರಿ ಪಟ್ಟಿಯಲ್ಲಿ ತಡವಾಗಿ ಬಂದವರ ಕಾರಣಕ್ಕೆ ಒಂದು ಅಂಕಣವಿತ್ತು.

"ಕಾರಣ?"

"ಜ್ವರ" ಎಂದರು ಅಲ್ಲೇ ಕಾಯುತ್ತ ನಿಂತಿದ್ದ ದೊಡ್ಡ ಮೇಡಂ, ಇವನು ಬಾಯಿ ತೆರೆಯುವ ಮೊದಲೇ.

"ಬರದೇ ಇರೋ ಮೂವರಿಗೆ?"

"ಜ್ವರ."

ವೀಕ್ಷಕರು ನಾಲ್ಕು ಸಲ ಜ್ವರ ಎಂದು ಬರೆದು, ತಮ್ಮ ನೀರಿನ ಬಾಟಲಿಯನ್ನು ಒಮ್ಮೆ ನೋಡಿ, "ಇಲ್ಲಿ ನೀರು ಸರಿ ಇದೆ ತಾನೇ" ಎಂದು ಕೇಳಿದರು. ಯಾರೋ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದರು. ಅವಳು ಈ ಪರೀಕ್ಷೆ ಬರೆಯುತ್ತಿರುವುದು ಇದೇ ಮೊದಲು, ಉತ್ತರದ ಕಾಗದದಲ್ಲಿ ಸಣ್ಣ ವೃತ್ತಗಳನ್ನು ತುಂಬಬೇಕು ಎಂದು ಅವಳಿಗೆ ಯಾರೂ ತೋರಿಸಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು. ತಾನೇ ತೋರಿಸಿರಲಿಲ್ಲ. ಉಳಿದವರಿಗೆ ಅದನ್ನು ಹೇಳಿಕೊಟ್ಟ ದಿನ ಅವಳನ್ನು ಗಿಡಗಳಿಗೆ ನೀರು ಹಾಕಲು ಕಳಿಸಿದ್ದ. ಈಗ ಒಳಗೆ ಹೋಗಿ ಹೇಳೋಣವೆಂದರೆ ನಿಯಮ ಬಿಡುವುದಿಲ್ಲ. ದೊಡ್ಡ ಮೇಡಂ ಅವನ ಹತ್ತಿರ ಬಂದು, ಬಹಳ ವರ್ಷಗಳಲ್ಲಿ ಮೊದಲ ಸಲ, "ಉಳಿಸಿದ್ರಿ" ಎಂದು ಹೇಳಿ ಒಳಗೆ ನಡೆದರು.

ತಾಯಿ ಹೋಗಿರಲಿಲ್ಲ. ಬೀದಿಯ ಆಚೆ ಬದಿಯ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಅವನು ಏನಾದರೂ ಹೇಳಬೇಕಲ್ಲ ಎಂದು ಹತ್ತಿರ ಹೋದ. ನೆರಳು ಒಬ್ಬರಿಗಾಗುವಷ್ಟೇ ಇತ್ತು, ಹಾಗಾಗಿ ಬಿಸಿಲಲ್ಲೇ ನಿಂತ.

"ಮೇಷ್ಟ್ರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನೀವು ಓದಿದವರು. ವರ್ಷಾ ವರ್ಷಾ ಒಂದೇ ದಿನ ಬರೋ ಜ್ವರಕ್ಕೆ ಯಾವ ಡಾಕ್ಟರಿಗೆ ತೋರಿಸ್ಬೇಕು? ಸೋಮವಾರ ದೊಡ್ಡಾಸ್ಪತ್ರೆಲಿ ಇನ್ನೊಂದ್ಸಲ ರಕ್ತ ತೆಗೆಸೋಣ ಅಂತ ಚೀಟಿ ಬರೆಸಿದೀನಿ."

ಬೆಳೆಯೋ ಮಕ್ಕಳಿಗೆ ಹೀಗಾಗುತ್ತಮ್ಮ, ಎಂಟನೇ ಕ್ಲಾಸು ಮುಗಿದ್ರೆ ನಿಂತುಹೋಗುತ್ತೆ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಎಂಟನೆಯದಾದ ಮೇಲೆ ಅವಳು ಈ ಶಾಲೆಯಲ್ಲೇ ಇರುವುದಿಲ್ಲ, ಹಾಗಾಗಿ ನಿಂತುಹೋಗುತ್ತೆ ಅನ್ನುವುದು ಸುಳ್ಳೂ ಅಲ್ಲ. ಹುಡುಗಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು.

"ಸೂಜಿ ಚುಚ್ಚೋವಾಗ ಅಳಲ್ಲ ಅವಳು" ಎಂದಳು ತಾಯಿ. "ಆ ಕಡೆ ತಿರುಗ್ತಾಳೆ, ಅಷ್ಟೆ."

"ಜ್ವರ ಇರ್ಲಿಲ್ಲಮ್ಮ" ಎಂದ ಅವನು. "ನಾನೇ ಬರಬೇಡ ಅಂದಿದ್ದು. ಅವಳು ಬರೆದ್ರೆ ಸ್ಕೂಲಿನ ಸರಾಸರಿ ಕಡಿಮೆ ಆಗುತ್ತೆ ಅಂತ. ಹೋದ ವರ್ಷ ಬೇರೆಯವರು. ಅದರ ಹಿಂದಿನ ವರ್ಷಾನೂ. ಎಲ್ಲ ಇದೇ. ಡಾಕ್ಟರ್ ಬೇಡ."

ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಒಳ್ಳೆಯದಿತ್ತು. ಬೈಗುಳಕ್ಕೆ ತಲೆ ತಗ್ಗಿಸಿ ನಿಲ್ಲುವುದು ಅವನಿಗೆ ಬರುತ್ತಿತ್ತು, ಅಷ್ಟರಲ್ಲಿ ಅರ್ಧ ಪಾಪ ಕಳೆಯುತ್ತಿತ್ತು. ಅವಳು ಬಾಟಲಿಯ ಮುಚ್ಚಳ ತೆಗೆದಳು, ಕುಡಿಯದೆ ಮತ್ತೆ ಹಾಕಿದಳು. ಆಮೇಲೆ, ಎಷ್ಟು ಬಟ್ಟೆ ಇದೆ ಎಂದು ಗಿರಾಕಿಯನ್ನು ಕೇಳುವ ದನಿಯಲ್ಲಿ, "ಎಷ್ಟು ಕಡಿಮೆ ಆಗುತ್ತೆ?" ಎಂದು ಕೇಳಿದಳು.

ಅವನು ಬೆಚ್ಚಿದ. ಹಾಜರಾತಿಯ ಲೆಕ್ಕ ಹಾಕಿದ್ದ, ಮೂರು ಜ್ವರದ ಲೆಕ್ಕ ಹಾಕಿದ್ದ, ತಟ್ಟೆಯ ಅನ್ನದ ಲೆಕ್ಕ ಕೂಡ ಹಾಕಿದ್ದ. ಇದೊಂದನ್ನು ಹಾಕಿಯೇ ಇರಲಿಲ್ಲ. ನಿಂತಲ್ಲೇ ಹಾಕಿದ. ತಯಾರಿ ಪರೀಕ್ಷೆಯಲ್ಲಿ ಅವಳಿಲ್ಲದೆ ಸರಾಸರಿ ನಲವತ್ತೆಂಟು. ಅವಳದು ಹದಿನೆಂಟು. ಮೂವತ್ತರ ವ್ಯತ್ಯಾಸ, ಅದು ಅರವತ್ತು ಜನರಲ್ಲಿ ಹಂಚಿಹೋಗಬೇಕು. ಏಳನೆಯ ತರಗತಿಯ ಲೆಕ್ಕ. ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದ.

"ಅರ್ಧ" ಎಂದ.

"ಅರ್ಧ ಸ್ಕೂಲಾ?"

"ಅಲ್ಲ. ಅರ್ಧ ಅಂಕ. ನಲವತ್ತೆಂಟು ಇರೋದು ನಲವತ್ತೇಳೂವರೆ ಆಗುತ್ತೆ."

ಅವಳು ಗೇಟಿನ ಕಡೆ ನೋಡಿದಳು. "ಆಗ ಆ ಅಕ್ಷರ ಬದಲಾಗುತ್ತಾ?"

"ಇಲ್ಲ. ಅದೇ ಇರುತ್ತೆ."

ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಅವನಿಗೆ ಕಾಲು ನೋಯತೊಡಗಿತು, ಆದರೆ ಕಾಲು ಬದಲಿಸಿ ನಿಲ್ಲುವುದಕ್ಕೂ ಧೈರ್ಯವಾಗಲಿಲ್ಲ.

"ಎಷ್ಟೊತ್ತಿಗೆ ಬಿಡ್ತಾರೆ?"

"ಹನ್ನೆರಡೂವರೆಗೆ."

"ಕಾಯ್ತೀನಿ" ಎಂದಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿ, "ನೀವು ಒಳಗೆ ಹೋಗಿ ಮೇಷ್ಟ್ರೇ. ಬಿಸಿಲಿದೆ, ಜ್ವರ ಬಂದೀತು" ಎಂದಳು.

ಅದು ಕುಹಕವೋ ಕಾಳಜಿಯೋ ಅವನಿಗೆ ತಿಳಿಯಲಿಲ್ಲ. ಅವನು ಒಳಗೆ ಹೋಗಲಿಲ್ಲ, ಹನ್ನೆರಡೂವರೆಯವರೆಗೆ ಅಲ್ಲೇ ನಿಂತಿದ್ದ.